‘ಕರೆಂಟ್’ ಒಬ್ಬರಿಗೆ ಹತ್ತುತ್ತದೆ, ಇನ್ನೊಬ್ಬರಿಗೆ ಹತ್ತುವುದಿಲ್ಲ: ಉತ್ತರ ಗಡ್ಡೆಯೊಳಗೇ ಇದೆಯೇ?

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ರೇಡಿಯೇಷನ್ ಚಿಕಿತ್ಸೆಗೆ ಜನ ಇಟ್ಟ ಹೆಸರು ‘ಕರೆಂಟ್’. ‘ಮೂವತ್ತೈದು ಕರೆಂಟ್ ಹೇಳ್ಯಾರ’ ಎಂದರೆ ವಾರಕ್ಕೆ 5 ದಿನ, ದಿನಕ್ಕೆ 2 ಗ್ರೇ (ಗ್ರೇ ಎಂದರೆ ವಿಕಿರಣದ ಅಳತೆ), ಏಳು ವಾರಕ್ಕೆ ಒಟ್ಟು 70 ಗ್ರೇ ಎಂದು ಲೆಕ್ಕ. ಗಂಟಲ ಕ್ಯಾನ್ಸರಿಗೆ ಇದು ರೂಢಿಯ ಪ್ರಮಾಣ. ಬಾಯಿಯ ಕ್ಯಾನ್ಸರಿಗೆ ಸಾಮಾನ್ಯವಾಗಿ ಮೊದಲು ಆಪರೇಷನ್, ಆಮೇಲೆ 60ರಿಂದ 66 ಗ್ರೇ.

ಒಂದೇ ಹಂತದ ಕಾಯಿಲೆ, ಒಂದೇ ಯಂತ್ರ, ಅಷ್ಟೇ ಗ್ರೇ, ಅದೇ ಸಿಸ್‌ಪ್ಲಾಟಿನ್ ಕೀಮೋ ಸಲೈನ್. ಆದರೂ ಒಬ್ಬರ ಗಡ್ಡೆ ಕರಗಿ ವರ್ಷಗಟ್ಟಲೆ ಸುಳಿಯುವುದಿಲ್ಲ, ಇನ್ನೊಬ್ಬರದು ಎಂಟು ತಿಂಗಳಿಗೆ ಅದೇ ಜಾಗದಲ್ಲಿ ಮತ್ತೆ ಏಳುತ್ತದೆ. ಇದಕ್ಕೆ ಹಳೆಯ ಕಾರಣಗಳಿವೆ: ಗಡ್ಡೆಯ ಗಾತ್ರ, ಅದರೊಳಗಿನ ಆಮ್ಲಜನಕದ ಕೊರತೆ, ನಡುವೆ ತಪ್ಪಿಸಿದ ದಿನಗಳು. ಇವೆಲ್ಲ ಇಂದಿಗೂ ನಿಜ. ಇವುಗಳ ಜೊತೆಗೆ ಈಗ ಇನ್ನೊಂದು ಕಾರಣಕ್ಕೆ ಗಟ್ಟಿ ಪುರಾವೆ ಸೇರಿದೆ. ಚಿಕಿತ್ಸೆ ಶುರುವಾಗುವ ದಿನ ಆ ಗಡ್ಡೆಯೊಳಗೆ ದೇಹದ ರೋಗನಿರೋಧಕ ಕಣಗಳು ಎಷ್ಟಿದ್ದವು, ಯಾವ ಜಾತಿಯವು, ಎಲ್ಲಿ ನಿಂತಿದ್ದವು ಎಂಬುದೇ ಆ ಕಾರಣ.

ನಮ್ಮ ವಾದ ಇಷ್ಟು. ಈ ಮಾಹಿತಿಯ ದೊಡ್ಡ ಭಾಗ ರೋಗಿಯ ಬಯಾಪ್ಸಿ (ತುಂಡು ಪರೀಕ್ಷೆ) ಸ್ಲೈಡಿನಲ್ಲಿ ಆಗಲೇ ಇರುತ್ತದೆ. ಅದನ್ನು ಓದಿ ವರದಿಯಲ್ಲಿ ಬರೆಯುವುದು ನಮ್ಮ ಜಿಲ್ಲೆಗಳಲ್ಲೂ ಶುರುವಾಗಬೇಕು. ಆದರೆ ಅದನ್ನು ನೋಡಿ ಕರೆಂಟಿನ ಪ್ರಮಾಣ ಇಳಿಸುವುದಾಗಲಿ, ಹೊಲ ಒತ್ತೆಯಿಟ್ಟು ದುಬಾರಿ ಇಂಜೆಕ್ಷನ್ ಕೊಳ್ಳುವುದಾಗಲಿ ಈಗಿನ ಪುರಾವೆಯ ಮೇಲೆ ತಪ್ಪು.

ಇಲಿಗಳು ಮೊದಲು ಹೇಳಿದ್ದು

1979ರಲ್ಲಿ ಹೆಲೆನ್ ಸ್ಟೋನ್ ಮತ್ತು ಸಂಗಡಿಗರು ಇಲಿಗಳಲ್ಲಿ ಒಂದು ಸರಳ ಪರೀಕ್ಷೆ ಮಾಡಿದರು. ಒಂದೇ ಬಗೆಯ ಗಡ್ಡೆಯನ್ನು ಎರಡು ಗುಂಪಿನ ಇಲಿಗಳಲ್ಲಿ ಬೆಳೆಸಿದರು. ಅರ್ಧದಷ್ಟು ಇಲಿಗಳಲ್ಲಿ ಗಡ್ಡೆ ಪೂರ್ತಿ ಅಳಿಯಲು ಎಷ್ಟು ವಿಕಿರಣ ಬೇಕು ಎಂದು ಅಳೆದರು. ರೋಗನಿರೋಧಕ ಶಕ್ತಿ ಸರಿಯಿದ್ದ ಇಲಿಗಳಿಗೆ 30 ಗ್ರೇ ಸಾಕಾಯಿತು. ಆ ಶಕ್ತಿಯನ್ನು ಕುಂದಿಸಿದ ಇಲಿಗಳಿಗೆ 64.5 ಗ್ರೇ ಬೇಕಾಯಿತು. ಗಡ್ಡೆ ಅದೇ, ಕಿರಣವೂ ಅದೇ. ಎರಡು ಪಟ್ಟಿಗಿಂತ ಹೆಚ್ಚಿನ ವ್ಯತ್ಯಾಸ ತಂದದ್ದು ಇಲಿಯ ಸ್ವಂತ ಕಾವಲುಪಡೆ. ಮೂವತ್ತು ವರ್ಷ ಈ ಫಲಿತಾಂಶಕ್ಕೆ ಸಿಗಬೇಕಾದ ಗಮನ ಸಿಗಲಿಲ್ಲ. ವಿಕಿರಣ ಎಂದರೆ ಡಿಎನ್‌ಎ ಕತ್ತರಿಸುವ ಕತ್ತಿ ಎಂಬ ಒಂದೇ ಚಿತ್ರ ಎಲ್ಲರ ತಲೆಯಲ್ಲಿ ಕೂತಿತ್ತು.

ಆ ಚಿತ್ರ ಸುಳ್ಳಲ್ಲ. 1 ಗ್ರೇ ವಿಕಿರಣ ಒಂದು ಜೀವಕಣದ ಡಿಎನ್‌ಎಯಲ್ಲಿ ಸುಮಾರು 40 ಕಡೆ ಎರಡೂ ಎಳೆಗಳನ್ನು ಕಡಿಯುತ್ತದೆ. ಹೊಲಿಗೆ ಹಾಕಲಾಗದ ಕಣ, ಬಹುಪಾಲು ಮುಂದಿನ ಬಾರಿ ಒಡೆಯಲು ಹೋದಾಗ ಸಾಯುತ್ತದೆ. ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಮುರಿದ ಡಿಎನ್‌ಎ ತುಣುಕುಗಳು ಕಣದ ಬೀಜಕೇಂದ್ರದಿಂದ ಹೊರಗೆ ಸೋರುತ್ತವೆ. ಅಲ್ಲಿ ಡಿಎನ್‌ಎ ಇರಬಾರದು, ಇದ್ದರೆ ವೈರಾಣು ಹೊಕ್ಕಿದೆ ಎಂದೇ ಕಣದ ಲೆಕ್ಕ. ಸಿಗ್ಯಾಸ್–ಸ್ಟಿಂಗ್ ಎಂಬ ಎಚ್ಚರಿಕೆಯ ಸರಪಳಿ ಮೊಳಗಿ ಇಂಟರ್‌ಫೆರಾನ್ ಹೊರಬೀಳುತ್ತದೆ. ಅದನ್ನು ಕೇಳಿ ಡೆಂಡ್ರೈಟಿಕ್ ಕಣಗಳು ಸತ್ತ ಗಡ್ಡೆಕಣದ ಚೂರುಗಳನ್ನು ಹೊತ್ತು ಹತ್ತಿರದ ಲಿಂಫ್ ಗಂಟಿಗೆ ಹೋಗುತ್ತವೆ, ಅಲ್ಲಿ ಟಿ ಕಣಗಳೆಂಬ ರೋಗನಿರೋಧಕ ಕಣಗಳಿಗೆ ಗುರುತು ತೋರಿಸುತ್ತವೆ. ಸಿಡಿ8 ಎಂಬ ಗುರುತು ಹೊತ್ತ ಟಿ ಕಣಗಳು ಅಲ್ಲಿಂದ ಗಡ್ಡೆಗೆ ಬಂದು ಉಳಿದ ಕ್ಯಾನ್ಸರ್ ಕಣಗಳನ್ನು ಒಂದೊಂದಾಗಿ ಹಿಡಿದು ಕೊಲ್ಲುತ್ತವೆ. ಕಿರಣದಿಂದ ತಪ್ಪಿಸಿಕೊಂಡ ಕೊನೆಯ ಕೆಲವು ಕಣಗಳನ್ನು ಮುಗಿಸುವವರು ಇವರೇ. ಕಾಯಿಲೆ ಮರುಕಳಿಸುವುದು ಆ ಕೊನೆಯ ಕಣಗಳಿಂದಲೇ.

ಇದೇ ವಿಕಿರಣ ತದ್ವಿರುದ್ಧ ಕೆಲಸವನ್ನೂ ಮಾಡುತ್ತದೆ. ಟಿಜಿಎಫ್-ಬೀಟಾ ಎಂಬ ರಾಸಾಯನಿಕವನ್ನು ಎಬ್ಬಿಸುತ್ತದೆ, ಅದು ಟಿ ಕಣಗಳ ಕೈ ಕಟ್ಟುತ್ತದೆ. ಗಾಯ ಮಾಯಿಸುವ ಸ್ವಭಾವದ ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಕಣಗಳನ್ನು ಕರೆತರುತ್ತದೆ, ಅವು ಗಡ್ಡೆಗೆ ರಕ್ತನಾಳ ಕಟ್ಟಿಕೊಡುತ್ತವೆ. ನಿಯಂತ್ರಕ ಟಿ ಕಣಗಳು ಉಳಿದ ಟಿ ಕಣಗಳಿಗಿಂತ ವಿಕಿರಣವನ್ನು ಹೆಚ್ಚು ತಾಳುತ್ತವೆ, ಅವು ಜಗಳ ಬಿಡಿಸುವವರು. ಇಂಟರ್‌ಫೆರಾನ್ ಬಂದ ಕೂಡಲೇ ಕ್ಯಾನ್ಸರ್ ಕಣ ತನ್ನ ಮೈಮೇಲೆ ಪಿಡಿ-ಎಲ್1 ಎಂಬ ‘ಮುಟ್ಟಬೇಡ’ ಫಲಕ ಏರಿಸುತ್ತದೆ. ಹಾಗಾಗಿ ಕರೆಂಟ್ ಕೊಟ್ಟಾಗ ಎರಡೂ ಬಣ ಒಟ್ಟಿಗೆ ಎಚ್ಚರಗೊಳ್ಳುತ್ತವೆ. ಯಾವುದು ಗೆಲ್ಲುತ್ತದೆ ಎಂಬುದು ಬಹುಮಟ್ಟಿಗೆ ಮೊದಲ ದಿನವೇ ಯಾರು ಊರೊಳಗಿದ್ದರು ಎಂಬುದರ ಮೇಲೆ ನಿಂತಿದೆ.

ಒಂದು ಸಂಶಯ ಇಲ್ಲಿ ಸಹಜ. ಲಿಂಫೋಸೈಟುಗಳು, ಅಂದರೆ ಟಿ ಕಣಗಳೂ ಸೇರಿದ ಬಿಳಿ ರಕ್ತಕಣಗಳ ಜಾತಿ, ದೇಹದಲ್ಲೇ ವಿಕಿರಣಕ್ಕೆ ಅತಿ ಬೇಗ ಸಾಯುವ ಕಣಗಳು. ದಿನಾ 2 ಗ್ರೇ ಬಿದ್ದರೆ ಗಡ್ಡೆಯೊಳಗಿನವು ಉಳಿಯುವುದು ಹೇಗೆ? ಷಿಕಾಗೋ ವಿಶ್ವವಿದ್ಯಾಲಯದ ತಂಡ 2019ರಲ್ಲಿ ಇಲಿಗಳಲ್ಲಿ ಇದನ್ನು ಬಿಡಿಸಿ ತೋರಿಸಿತು. ಗಡ್ಡೆಯೊಳಗೆ ನೆಲೆಸಿ ಒಗ್ಗಿಹೋದ ಟಿ ಕಣಗಳು ರಕ್ತದಲ್ಲಿ ಸುತ್ತುವ ಟಿ ಕಣಗಳಿಗಿಂತ ಬಹಳ ಹೆಚ್ಚು ತಾಳಿಕೊಂಡವು, ಕೆಲಸವನ್ನೂ ಮುಂದುವರಿಸಿದವು. ಹಾಗೆ ಒಗ್ಗಿಸಿದ್ದರಲ್ಲಿ ಟಿಜಿಎಫ್-ಬೀಟಾದ ಪಾತ್ರವೂ ಇತ್ತು. ಮೊದಲೇ ನೆಲೆಸಿದವರಿಗೆ ಯಾಕಿಷ್ಟು ಮಹತ್ವ ಎಂಬುದಕ್ಕೆ ಈ ಶೋಧ ನೇರ ಉತ್ತರ.

ಸ್ಲೈಡಿನಲ್ಲಿ ಚೆಲ್ಲಿದ ಸಾಸಿವೆ

ತುಂಡು ಪರೀಕ್ಷೆಗೆ ತೆಗೆದ ಮಾಂಸವನ್ನು ಮೇಣದ ಬ್ಲಾಕ್ ಮಾಡಿ, 4–5 ಮೈಕ್ರಾನ್ ದಪ್ಪಕ್ಕೆ ಸೀಳಿ, ಹಿಮಟಾಕ್ಸಿಲಿನ್–ಇಯೋಸಿನ್ ಬಣ್ಣ ಹಾಕುತ್ತಾರೆ. ಇದು ಎಲ್ಲ ಪೆಥಾಲಜಿ ಲ್ಯಾಬಿನಲ್ಲೂ ದಿನನಿತ್ಯದ ಕೆಲಸ. ಆ ಸ್ಲೈಡಿನಲ್ಲಿ ಕ್ಯಾನ್ಸರ್ ಕಣಗಳು ದೊಡ್ಡವು, ಅಡ್ಡಾದಿಡ್ಡಿ, ಗುಲಾಬಿ–ನೇರಳೆ. ಅವುಗಳ ನಡುವೆ ಕಡುನೀಲಿ ಸಾಸಿವೆ ಚೆಲ್ಲಿದಂತೆ ಕಾಣುವ ಪುಟ್ಟ ದುಂಡು ಕಣಗಳೇ ಲಿಂಫೋಸೈಟುಗಳು. ಎಣಿಸಲು ಬೇರೆ ಬಣ್ಣವಾಗಲಿ ಬೇರೆ ಯಂತ್ರವಾಗಲಿ ಬೇಡ.

ಎಣಿಸುವ ವಿಧಾನಕ್ಕೆ ಅಂತರರಾಷ್ಟ್ರೀಯ ತಜ್ಞರ ಗುಂಪೊಂದು ಸ್ತನ ಕ್ಯಾನ್ಸರಿಗೆ ಮೊದಲು ನಿಯಮ ಬರೆಯಿತು, 2017ರಲ್ಲಿ ತಲೆ–ಕತ್ತಿನ ಕ್ಯಾನ್ಸರೂ (ಬಾಯಿ, ಗಂಟಲು ಇದರಲ್ಲೇ ಬರುತ್ತವೆ) ಸೇರಿ ಇತರ ಗಡ್ಡೆಗಳಿಗೆ ವಿಸ್ತರಿಸಿತು. ಮೊದಲು ಕಡಿಮೆ ಹಿಗ್ಗಿನಲ್ಲಿ ಗಡ್ಡೆಯ ಎಲ್ಲೆ ಗುರುತಿಸಬೇಕು. ಎಲ್ಲೆಯ ಒಳಗಿನ ನಾರು ಭಾಗವನ್ನು, ಅಂದರೆ ಕ್ಯಾನ್ಸರ್ ಗೂಡುಗಳ ನಡುವಿನ ಜಾಗವನ್ನು, 200ರಿಂದ 400 ಪಟ್ಟು ಹಿಗ್ಗಿಸಿ ನೋಡಬೇಕು. ಆ ಜಾಗದ ಶೇಕಡಾ ಎಷ್ಟನ್ನು ಲಿಂಫೋಸೈಟ್ ಮತ್ತು ಪ್ಲಾಸ್ಮಾ ಕಣಗಳು ತುಂಬಿವೆ ಎಂದು ಸರಾಸರಿ ಹೇಳಬೇಕು. ದಟ್ಟವಾಗಿ ಕಂಡ ಒಂದೇ ಮೂಲೆಯನ್ನು ಆರಿಸಿ ಎಣಿಸಿದರೆ ಲೆಕ್ಕ ಉಬ್ಬುತ್ತದೆ. ಕೊಳೆತ ಭಾಗ, ಗಡ್ಡೆಯ ಹೊರಗಿನ ಆರೋಗ್ಯವಂತ ಮಾಂಸ, ಹಿಂದಿನ ಬಯಾಪ್ಸಿಯ ಗಾಯದ ಜಾಗ ಲೆಕ್ಕಕ್ಕೆ ಬರುವುದಿಲ್ಲ. ನ್ಯೂಟ್ರೋಫಿಲ್ ಎಂಬ ಇನ್ನೊಂದು ಬಗೆಯ ಬಿಳಿಕಣಗಳನ್ನು ಬಿಡಬೇಕು.

ನಮ್ಮ ಭಾಗದಲ್ಲಿ ಹೆಚ್ಚು ಕಾಣುವ ಬಾಯಿ ಕ್ಯಾನ್ಸರಿನಲ್ಲಿ ಎಡವಟ್ಟಾಗುವುದು ಇಲ್ಲೇ. ಗುಟ್ಕಾ, ಸುಣ್ಣ–ತಂಬಾಕು, ಹೆಣ್ಣುಮಕ್ಕಳು ಹಲ್ಲಿಗೆ ತಿಕ್ಕುವ ಮಿಶ್ರಿ ಇವುಗಳಿಂದ ಬಂದ ಗಡ್ಡೆ ಬಹುತೇಕ ಹುಣ್ಣಾಗಿ ಬಾಯ್ದೆರೆದಿರುತ್ತದೆ. ಹುಣ್ಣಿನ ಮೇಲ್ಮೈಯಲ್ಲಿ ಬ್ಯಾಕ್ಟೀರಿಯಾಕ್ಕಾಗಿ ಬಂದ ಉರಿಯೂತದ ಕಣಗಳ ಜಾತ್ರೆಯೇ ನೆರೆದಿರುತ್ತದೆ. ಮೇಲಿಂದ ಮೇಲೆ ಚಿವುಟಿ ತೆಗೆದ ತುಂಡಿನಲ್ಲಿ ಅದನ್ನೇ ಎಣಿಸಿದರೆ ಕ್ಯಾನ್ಸರಿನ ವಿರುದ್ಧ ನಿಂತ ಪಡೆ ಎಂದು ತಪ್ಪು ತಿಳಿಯುತ್ತೇವೆ. ಹುಣ್ಣಿನ ಅಂಚಿನಿಂದ, ಆಳವಾಗಿ, ಚಿಮಟಿಗೆಯಲ್ಲಿ ಜಜ್ಜದೆ ತೆಗೆದ ತುಂಡು ಬೇಕು. ತೆಗೆದ ಕೂಡಲೇ ಅದರ ಹತ್ತು ಪಟ್ಟು ಪ್ರಮಾಣದ 10 ಪರ್ಸೆಂಟ್ ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್‌ನಲ್ಲಿ ಹಾಕಬೇಕು. ಸಲೈನ್ ಬಾಟಲಿಯಲ್ಲಿ ಹಾಕಿ ತಾಲೂಕಿನಿಂದ ಜಿಲ್ಲೆಗೆ ಬಸ್ಸಿನಲ್ಲಿ ಕಳಿಸಿದ ತುಂಡು ದಾರಿಯಲ್ಲೇ ಕೊಳೆಯುತ್ತದೆ. ಅದರಲ್ಲಿ ಕ್ಯಾನ್ಸರ್ ಇದೆಯೇ ಎಂದು ಹೇಗೋ ಹೇಳಬಹುದು, ಲಿಂಫೋಸೈಟಿನ ಲೆಕ್ಕ ಸಿಗುವುದಿಲ್ಲ. ಆಪರೇಷನ್ ಆಗಿದ್ದರೆ ತೆಗೆದ ಇಡೀ ಗಡ್ಡೆಯ ಸ್ಲೈಡ್ ಬಯಾಪ್ಸಿಗಿಂತ ಎಷ್ಟೋ ನಂಬಿಕೆಗೆ ಅರ್ಹ.

ಸಂಖ್ಯೆಯಷ್ಟೇ ಮುಖ್ಯ ಅವು ನಿಂತ ಜಾಗ. ಕೆಲವು ಗಡ್ಡೆಗಳಲ್ಲಿ ಟಿ ಕಣಗಳು ಕ್ಯಾನ್ಸರ್ ಗೂಡಿನೊಳಕ್ಕೇ ನುಗ್ಗಿರುತ್ತವೆ. ಕೆಲವದರಲ್ಲಿ ಅಗಸಿ ಬಾಗಿಲಿಗೆ ಬಂದು ನಿಂತಿರುತ್ತವೆ, ಗಡ್ಡೆ ಒಳಗೆ ಬಿಡುವುದಿಲ್ಲ. ಇನ್ನು ಕೆಲವು ಗಡ್ಡೆಗಳು ಖಾಲಿ ಊರು. ಮೊದಲನೆಯ ಬಗೆಗೆ ವಿಕಿರಣದ ಫಲ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಸಿಡಿ8, ಫಾಕ್ಸ್‌ಪಿ3 (ನಿಯಂತ್ರಕ ಟಿ ಕಣದ ಗುರುತು), ಪಿಡಿ-ಎಲ್1 ಬಣ್ಣಗಳನ್ನು ಬೇರೆಯಾಗಿ ಹಾಕಿದರೆ ಯಾವ ಕಣ ಯಾವುದು ಎಂದು ಇನ್ನೂ ಸ್ಪಷ್ಟವಾಗುತ್ತದೆ. ಅದಕ್ಕೆ ಹೆಚ್ಚುವರಿ ಖರ್ಚಿದೆ, ಎಲ್ಲರಿಗೂ ಬೇಕಿಲ್ಲ.

ರೋಗಿಗಳಲ್ಲಿ ಕಂಡದ್ದು

ಬಾಯಿಯ ಹಿಂಭಾಗದ, ಎಚ್‌ಪಿವಿ ವೈರಾಣುವಿನಿಂದ ಬರುವ ಗಂಟಲ ಕ್ಯಾನ್ಸರಿನಲ್ಲಿ ಚಿತ್ರ ಅತ್ಯಂತ ನಿಚ್ಚಳ. ಬ್ರಿಟನ್ನಿನ ತಂಡವೊಂದು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲಿಂಫೋಸೈಟ್ ದಟ್ಟವಾಗಿದ್ದವರಲ್ಲಿ ಮೂರು ವರ್ಷ ಬದುಕಿದವರು ಶೇ 96, ವಿರಳವಾಗಿದ್ದವರಲ್ಲಿ ಶೇ 59. ವೈರಾಣುವಿನ ಪ್ರೋಟೀನು ಪರಕೀಯ, ಆದ್ದರಿಂದ ಟಿ ಕಣಗಳಿಗೆ ಗುರುತು ಹಿಡಿಯುವುದು ಸುಲಭ. ತಂಬಾಕಿನಿಂದ ಬಂದ ಕ್ಯಾನ್ಸರಿಗೆ ಆ ಅನುಕೂಲ ಇಲ್ಲ. ಆದರೂ ಜರ್ಮನಿಯ ಹಲವು ಕೇಂದ್ರಗಳು ಕೀಮೋ–ರೇಡಿಯೇಷನ್ ಪಡೆದ ತಲೆ–ಕತ್ತಿನ ಕ್ಯಾನ್ಸರ್ ರೋಗಿಗಳ ತುಂಡುಗಳನ್ನು ಪರಿಶೀಲಿಸಿದಾಗ ಸಿಡಿ8 ಕಣಗಳು ಹೆಚ್ಚಿದ್ದವರ ಫಲಿತಾಂಶವೇ ಮೇಲಾಗಿತ್ತು. ಗುದನಾಳದ ಕ್ಯಾನ್ಸರಿನಲ್ಲಿ ಬಯಾಪ್ಸಿಯಲ್ಲಿ ಟಿ ಕಣ ದಟ್ಟವಾಗಿದ್ದವರ ಗಡ್ಡೆ ಆಪರೇಷನ್ನಿಗೆ ಮೊದಲಿನ ರೇಡಿಯೇಷನ್ನಿಗೆ ಚೆನ್ನಾಗಿ ಕುಗ್ಗುತ್ತದೆ.

ಸ್ತನ ಕ್ಯಾನ್ಸರಿನ ಕಥೆ ಬೇರೆ ದಿಕ್ಕಿಗೆ ತಿರುಗುತ್ತದೆ, ಅದನ್ನು ಮುಚ್ಚಿಟ್ಟರೆ ವಿಶ್ಲೇಷಣೆ ಅರ್ಧವಾಗುತ್ತದೆ. ಸ್ವೀಡನ್ನಿನಲ್ಲಿ 1990ರ ದಶಕದಲ್ಲಿ ಗಡ್ಡೆಯಷ್ಟೇ ತೆಗೆಸಿಕೊಂಡ ಮಹಿಳೆಯರನ್ನು ರೇಡಿಯೇಷನ್ ಪಡೆದವರು, ಪಡೆಯದವರು ಎಂದು ಚೀಟಿ ಎತ್ತಿದಂತೆ ವಿಂಗಡಿಸಿದ್ದರು. 2019ರಲ್ಲಿ ಅವರ ಹಳೆಯ ಸ್ಲೈಡುಗಳನ್ನೇ ಮತ್ತೆ ಓದಿದರು. ಲಿಂಫೋಸೈಟ್ ಶೇ 10 ಅಥವಾ ಹೆಚ್ಚಿದ್ದವರಲ್ಲಿ ಅದೇ ಸ್ತನದಲ್ಲಿ ಮರುಕಳಿಕೆ ಕಡಿಮೆ. ರೇಡಿಯೇಷನ್ನಿನಿಂದ ಹೆಚ್ಚು ಲಾಭ ಕಂಡದ್ದು ಲಿಂಫೋಸೈಟ್ ಕಡಿಮೆ ಇದ್ದವರಿಗೆ. ಅಂದರೆ ಕಾವಲುಪಡೆ ಬಲವಾಗಿದ್ದಾಗ ಅದೇ ಅರ್ಧ ಕೆಲಸ ಮುಗಿಸಿತ್ತು, ಕಿರಣಕ್ಕೆ ಉಳಿದದ್ದು ಕಡಿಮೆ. ‘ಲಿಂಫೋಸೈಟ್ ಹೆಚ್ಚಿದ್ದರೆ ಫಲಿತಾಂಶ ಚೆನ್ನ’ ಎಂಬುದು ಒಂದು ಮಾತು, ‘ಲಿಂಫೋಸೈಟ್ ಹೆಚ್ಚಿದ್ದರೆ ರೇಡಿಯೇಷನ್ ಹೆಚ್ಚು ಕೆಲಸ ಮಾಡುತ್ತದೆ’ ಎಂಬುದು ಬೇರೆಯೇ ಮಾತು. ಎರಡನ್ನೂ ಒಂದು ಮಾಡಬಾರದು.

ಹಾಗಾದರೆ ಫಲ ಚೆನ್ನಾಗಿರುವವರಿಗೆ ಗ್ರೇ ಇಳಿಸಬಹುದೇ? ಎಚ್‌ಪಿವಿ ಗಂಟಲ ಕ್ಯಾನ್ಸರಿನಲ್ಲಿ, ಅದರಲ್ಲೂ ಕಡಿಮೆ ಅಪಾಯದವರನ್ನೇ ಆರಿಸಿ, ಅಮೆರಿಕದ ಎನ್‌ಆರ್‌ಜಿ-ಎಚ್‌ಎನ್005 ಪ್ರಯೋಗ 70ರ ಬದಲು 60 ಗ್ರೇ ಕೊಟ್ಟು ನೋಡಿತು. ಎರಡು ವರ್ಷಕ್ಕೆ ಕಾಯಿಲೆ ಮುಂದುವರಿಯದೆ ಇದ್ದವರು 70 ಗ್ರೇ ಗುಂಪಿನಲ್ಲಿ ಶೇ 98, 60 ಗ್ರೇ ಗುಂಪಿನಲ್ಲಿ ಶೇ 88ರ ಆಸುಪಾಸು. ರೋಗನಿರೋಧಕ ಕಣಗಳ ಬೆಂಬಲ ಹೆಚ್ಚಿರುವ ಕಾಯಿಲೆಯಲ್ಲೇ ಹತ್ತು ಗ್ರೇ ಇಳಿಸಿದ್ದಕ್ಕೆ ಈ ನಷ್ಟ. ನಮ್ಮ ತಂಬಾಕಿನ ಗಡ್ಡೆಯಲ್ಲಿ ಅಂಥ ಪ್ರಯತ್ನ ಸಲ್ಲದು. ‘ವರದಿ ಚೆನ್ನಾಗಿದೆ, ಕೊನೆಯ ಐದು ಕರೆಂಟ್ ಬಿಟ್ಟರೂ ನಡೆದೀತು’ ಎಂದು ಯಾರೂ ತಿಳಿಯಬಾರದು.

ರಕ್ತದೊಳಗಿನ ಲೆಕ್ಕ

ಗಡ್ಡೆಗೆ ಹೊಸ ಟಿ ಕಣ ಬರಬೇಕಾದ್ದು ರಕ್ತದಿಂದ. ಕಿರಣದ ದಾರಿಯಲ್ಲಿ ರಕ್ತ ನಿರಂತರ ಹರಿಯುತ್ತಿರುತ್ತದೆ. ಮಿದುಳಿನ ಗಡ್ಡೆಗೆ 30 ಕಂತಿನಲ್ಲಿ 60 ಗ್ರೇ ಕೊಡುವುದನ್ನು ಲೆಕ್ಕ ಹಾಕಿದ ಒಂದು ಅಧ್ಯಯನದ ಪ್ರಕಾರ, ಮೊದಲ ಕಂತಿಗೆ ಶೇ 5ರಷ್ಟು ರಕ್ತಕ್ಕೆ ಅರ್ಧ ಗ್ರೇ ಮುಟ್ಟುತ್ತದೆ, 30 ಕಂತು ಮುಗಿಯುವಷ್ಟರಲ್ಲಿ ಶೇ 99ರಷ್ಟು ರಕ್ತಕ್ಕೆ ಮುಟ್ಟಿರುತ್ತದೆ. ಹೃದಯ, ದೊಡ್ಡ ರಕ್ತನಾಳ, ಗುಲ್ಮ, ಸೊಂಟದ ಮೂಳೆಮಜ್ಜೆ ಕಿರಣದ ಹಾದಿಯಲ್ಲಿದ್ದರೆ ಲಿಂಫೋಸೈಟ್ ಇನ್ನಷ್ಟು ಬೀಳುತ್ತದೆ.

ಇದನ್ನು ತಿಳಿಯಲು ಸಾಮಾನ್ಯ ಸಿಬಿಸಿ ರಕ್ತಪರೀಕ್ಷೆ ಸಾಕು. ಒಟ್ಟು ಬಿಳಿ ರಕ್ತಕಣವನ್ನು ಲಿಂಫೋಸೈಟ್ ಶೇಕಡಾದಿಂದ ಗುಣಿಸಿ ನೂರರಿಂದ ಭಾಗಿಸಬೇಕು. ಮೊದಲ ದಿನ 7,800 ಮತ್ತು ಶೇ 28 ಇದ್ದರೆ 2,184. ಐದನೇ ವಾರ 3,200 ಮತ್ತು ಶೇ 12 ಇದ್ದರೆ 384. ಪ್ರತಿ ಮೈಕ್ರೋಲೀಟರಿಗೆ 500ಕ್ಕಿಂತ ಕಡಿಮೆಯಾದರೆ ಮೂರನೇ ದರ್ಜೆಯ ಕುಸಿತ, 200ಕ್ಕಿಂತ ಕಡಿಮೆಯಾದರೆ ನಾಲ್ಕನೇ ದರ್ಜೆ. ಶ್ವಾಸಕೋಶ, ಅನ್ನನಾಳ, ಮಿದುಳು, ಗರ್ಭಕಂಠದ ಕ್ಯಾನ್ಸರುಗಳಲ್ಲಿ ಆಳವಾದ ಕುಸಿತ ಕಂಡವರ ಆಯುಷ್ಯ ಸರಾಸರಿ ಕಡಿಮೆ ಎಂದು ಮತ್ತೆ ಮತ್ತೆ ಕಂಡುಬಂದಿದೆ. ದೊಡ್ಡ ಗಡ್ಡೆಗೆ ದೊಡ್ಡ ಜಾಗ ಸುಡಬೇಕಾಗುತ್ತದೆ, ಆ ಕಾರಣಕ್ಕೂ ಕುಸಿತ ಹೆಚ್ಚು ಎಂಬುದನ್ನು ಮರೆಯುವಂತಿಲ್ಲ. ಲಿಂಫೋಸೈಟ್ ಇಳಿಯಿತು ಎಂದು ಕರೆಂಟ್ ನಿಲ್ಲಿಸಬಾರದು. ಅದನ್ನು ಏರಿಸುವ ರೂಢಿಯ ಔಷಧ ಇಲ್ಲ. ಬಿಳಿಕಣ ಏರಿಸಲು ಕೊಡುವ ಜಿ-ಸಿಎಸ್‌ಎಫ್ ಸೂಜಿ ನ್ಯೂಟ್ರೋಫಿಲ್ ಏರಿಸುತ್ತದೆ, ಲಿಂಫೋಸೈಟನ್ನಲ್ಲ. ಟಾನಿಕ್ಕುಗಳಿಗೆ ದುಡ್ಡು ಸುರಿಯುವುದು ವ್ಯರ್ಥ.

ನ್ಯೂಟ್ರೋಫಿಲನ್ನು ಲಿಂಫೋಸೈಟಿನಿಂದ ಭಾಗಿಸಿದ ಅನುಪಾತವೂ ಬಳಕೆಯಲ್ಲಿದೆ, ಏರಿದಷ್ಟೂ ಕೆಟ್ಟದ್ದು. ಬಾಯಿ ಹುಣ್ಣಿಗೆ ಸೋಂಕು ತಗುಲಿದಾಗ ಅಥವಾ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಕೊಟ್ಟ ಮಾರನೇ ದಿನ ರಕ್ತ ತೆಗೆದರೆ ಈ ಅನುಪಾತ ತಾನಾಗಿಯೇ ಏರಿರುತ್ತದೆ. ಕೀಮೋ ದಿನ ವಾಂತಿ ತಡೆಯಲು ಕೊಡುವ ಸ್ಟೀರಾಯ್ಡ್ ಬೇಕಾದದ್ದೇ, ರೋಗಿ ಅದನ್ನು ತಾನಾಗಿ ಬಿಡಬಾರದು. ತೊಂದರೆ ಇರುವುದು ಊರಲ್ಲಿ ‘ನೋವಿಗೊಂದು ಸೂಜಿ’ ಎಂದು ಕೇಳದೆ ಚುಚ್ಚುವ ಸ್ಟೀರಾಯ್ಡಿನಲ್ಲಿ. ಬಾಯಿ ಹುಣ್ಣಾಗಿ ನುಂಗಲಾರದೆ ಶನಿವಾರ–ಭಾನುವಾರ ಊರ ಡಾಕ್ಟರರ ಬಳಿ ಹೋದಾಗ ‘ಕರೆಂಟ್ ನಡೆದೈತಿ, ಸ್ಟೀರಾಯ್ಡ್ ಬ್ಯಾಡ್ರಿ’ ಎಂದು ಹೇಳಿ ಆಸ್ಪತ್ರೆಯ ಚೀಟಿ ತೋರಿಸಬೇಕು.

ಇಮ್ಯುನೋಥೆರಪಿ: ಯಾವಾಗ ಎಂಬುದೇ ಪ್ರಶ್ನೆ

ಟಿ ಕಣಗಳ ಕೈ ಬಿಚ್ಚುವ ಔಷಧಗಳು ಬಂದಾಗ ಅವನ್ನು ಕರೆಂಟಿನ ಜೊತೆಗೇ ಕೊಟ್ಟರೆ ಎರಡು ಪಟ್ಟು ಲಾಭ ಎಂಬ ನಿರೀಕ್ಷೆ ಇತ್ತು. ಶ್ವಾಸಕೋಶದ ಮೂರನೇ ಹಂತದ ಕ್ಯಾನ್ಸರಿನಲ್ಲಿ ಕೀಮೋ–ರೇಡಿಯೇಷನ್ ಮುಗಿದ ಮೇಲೆ ಅಂಥ ಔಷಧಗಳಲ್ಲೊಂದಾದ ಡರ್ವಾಲುಮ್ಯಾಬ್ ಕೊಟ್ಟ ಪೆಸಿಫಿಕ್ ಪ್ರಯೋಗ ಗೆದ್ದಿತು: ಐದು ವರ್ಷ ಬದುಕಿದವರು ಶೇ 42.9, ಔಷಧ ಪಡೆಯದವರಲ್ಲಿ ಶೇ 33.4. ಅದೇ ಔಷಧವನ್ನು ರೇಡಿಯೇಷನ್ ಶುರುವಾದಾಗಿನಿಂದಲೇ ಕೊಟ್ಟ ಪೆಸಿಫಿಕ್-2 ಸೋತಿತು. ತಲೆ–ಕತ್ತಿನ ಕ್ಯಾನ್ಸರಿನಲ್ಲಿ ಕೀಮೋ–ರೇಡಿಯೇಷನ್ ಜೊತೆ ಅವೆಲುಮ್ಯಾಬ್ ಕೊಟ್ಟ ಜಾವೆಲಿನ್ ಪ್ರಯೋಗವೂ, ಪೆಂಬ್ರೋಲಿಜುಮ್ಯಾಬ್ ಕೊಟ್ಟ ಕೀನೋಟ್-412 ಪ್ರಯೋಗವೂ ಗುರಿ ಮುಟ್ಟಲಿಲ್ಲ.

ಯಾಕೆ ಎಂಬುದಕ್ಕೆ ನಮಗೆ ಹೆಚ್ಚು ಸರಿ ಎನಿಸುವ ವಿವರಣೆ ಲಿಂಫ್ ಗಂಟಿನದು. ತಲೆ–ಕತ್ತಿನ ಚಿಕಿತ್ಸೆಯಲ್ಲಿ ಕ್ಯಾನ್ಸರ್ ಹರಡಿರಬಹುದೆಂದು ಕತ್ತಿನ ಎರಡೂ ಬದಿಯ ಗಂಟುಗಳಿಗೆ 50 ಗ್ರೇ ಆಸುಪಾಸು ಕೊಡುತ್ತೇವೆ. ಟಿ ಕಣಗಳು ಪಾಠ ಕಲಿಯುವ ಶಾಲೆಯೇ ಅದು. ಔಷಧ ಬಂದು ಕೈ ಬಿಚ್ಚುವ ಹೊತ್ತಿಗೆ ಶಾಲೆಗೂ ಕಿರಣ ಬಿದ್ದಿದೆ, ಮಕ್ಕಳೂ ಉಳಿದಿಲ್ಲ. ಇಲಿಗಳಲ್ಲಿ ಗಂಟುಗಳನ್ನು ಬಿಟ್ಟು ಕಿರಣ ಕೊಟ್ಟಾಗ ಔಷಧ ಹೆಚ್ಚು ಕೆಲಸ ಮಾಡಿದೆ. ಮನುಷ್ಯರಲ್ಲಿ ಕೀನೋಟ್-689 ಇದಕ್ಕೆ ಪುಷ್ಟಿ ಕೊಡುತ್ತದೆ: ಆಪರೇಷನ್ನಿಗೆ ಮೊದಲೇ, ಗಡ್ಡೆಯೂ ಗಂಟೂ ಅದರ ಜಾಗದಲ್ಲಿರುವಾಗಲೇ, ಪೆಂಬ್ರೋಲಿಜುಮ್ಯಾಬ್ ಎರಡು ಡೋಸ್ ಕೊಟ್ಟು ಆಮೇಲೂ ಮುಂದುವರಿಸಿದಾಗ ಮೂರು ವರ್ಷ ಕಾಯಿಲೆಯ ತೊಡಕಿಲ್ಲದೆ ಇದ್ದವರು ಶೇ 57.6, ಔಷಧವಿಲ್ಲದೆ ಶೇ 46.4. ಆದರೆ ಈ ವಿವರಣೆ ಎಲ್ಲ ಕಡೆ ಹೊಂದುವುದಿಲ್ಲ. ಮುಂದುವರಿದ ಗರ್ಭಕಂಠ ಕ್ಯಾನ್ಸರಿನಲ್ಲಿ ಸೊಂಟದ ಗಂಟುಗಳಿಗೆಲ್ಲ ಕಿರಣ ಬಿದ್ದರೂ, ಜೊತೆಗೇ ಪೆಂಬ್ರೋಲಿಜುಮ್ಯಾಬ್ ಕೊಟ್ಟ ಕೀನೋಟ್-ಎ18ರಲ್ಲಿ ಮೂರು ವರ್ಷದ ಬದುಕು ಶೇ 74.8ರಿಂದ 82.6ಕ್ಕೆ ಏರಿತು. ಅದೇ ಕಾಯಿಲೆಗೆ ಡರ್ವಾಲುಮ್ಯಾಬ್ ಕೊಟ್ಟ ಕ್ಯಾಲಾ ಪ್ರಯೋಗ ಸೋತಿತು.

ಈ ಔಷಧಗಳಿಗೆ ಲಕ್ಷಗಟ್ಟಲೆ ಖರ್ಚು. ಮುಂಬೈನ ಟಾಟಾ ಆಸ್ಪತ್ರೆ 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನಿವೊಲುಮ್ಯಾಬ್ ಅನ್ನು ಮೂರು ವಾರಕ್ಕೆ ಬರೀ 20 ಮಿಲಿಗ್ರಾಂ ಕೊಟ್ಟು, ಮಾತ್ರೆಗಳ ಜೊತೆ ಸೇರಿಸಿದಾಗ ಒಂದು ವರ್ಷ ಬದುಕಿದವರು ಶೇ 16.3ರಿಂದ 43.4ಕ್ಕೆ ಏರಿದರು. ರೂಢಿಯ ಪ್ರಮಾಣ ಎರಡು ವಾರಕ್ಕೆ 240 ಮಿಲಿಗ್ರಾಂ, ಆರು ವಾರದ ಲೆಕ್ಕದಲ್ಲಿ ಇದು ಹದಿನೆಂಟನೇ ಒಂದು ಪಾಲು. ಬಡವರ ಪಾಲಿಗೆ ಇದು ದೊಡ್ಡ ಕೆಲಸ. ಆದರೆ ಅದು ಗುಣವಾಗದ ಹಂತದ ತಲೆ–ಕತ್ತಿನ ಕ್ಯಾನ್ಸರಿಗೆ, ಕರೆಂಟಿನ ಜೊತೆಗೆ ಮಾಡಿದ ಪ್ರಯೋಗವಲ್ಲ. ಗುಣವಾಗಬಲ್ಲ ರೋಗಿಗೆ ಕರೆಂಟಿನ ನಡುವೆ ಸಣ್ಣ ಡೋಸ್ ಸೇರಿಸಲು ಇದು ಆಧಾರವಾಗುವುದಿಲ್ಲ. ಒಂದು ಕಡೆ ಕಿರಣ ಬಿಟ್ಟರೆ ಮೈಯೆಲ್ಲದರ ಗಡ್ಡೆ ಕರಗುವ ‘ಅಬ್‌ಸ್ಕೋಪಲ್’ ಪರಿಣಾಮಕ್ಕೆ ಆರ್.ಎಚ್. ಮೋಲ್ 1953ರಲ್ಲೇ ಹೆಸರಿಟ್ಟರು. ಅದು ನಿಜ, ಆದರೆ ಅಪರೂಪ. ಅದನ್ನು ನಂಬಿ ಚಿಕಿತ್ಸೆ ಯೋಜಿಸಲಾಗುವುದಿಲ್ಲ.

ಇಲ್ಲಿ, ಈಗ

2025ರ ಜನವರಿಯಲ್ಲಿ ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯ ಹೊಸ ಕ್ಯಾನ್ಸರ್ ಆಸ್ಪತ್ರೆಯನ್ನು ರಾಷ್ಟ್ರಪತಿ ದ್ರೌಪದಿ ಮುರ್ಮು ಉದ್ಘಾಟಿಸಿದರು. ಹುಬ್ಬಳ್ಳಿ, ಮಿರಜ, ಬಾರ್ಶಿಗೆ ಹೋಗುವವರು ಈಗಲೂ ಇದ್ದಾರೆ. ಯಂತ್ರ ಹತ್ತಿರ ಬಂದಂತೆ, ಅದರಿಂದ ಸಿಗಬೇಕಾದ ಪೂರ್ತಿ ಫಲ ಸಿಗುತ್ತಿದೆಯೇ ಎಂದು ಕೇಳುವ ಕಾಲ ಬಂದಿದೆ. ಗಡ್ಡೆಯೊಳಗಿನ ಟಿ ಕಣಗಳ ಸಂಖ್ಯೆಯನ್ನು ರೋಗಿ ಬದಲಿಸಲಾರ, ಆದರೆ ಅವು ಕೆಲಸ ಮಾಡುವ ವಾತಾವರಣ ಕೆಡದಂತೆ ನೋಡಿಕೊಳ್ಳಬಹುದು.

ಆಮ್ಲಜನಕ ಕಡಿಮೆ ಇರುವ ಕಣವನ್ನು ಕೊಲ್ಲಲು ಎರಡೂವರೆಯಿಂದ ಮೂರು ಪಟ್ಟು ವಿಕಿರಣ ಬೇಕು. ಅದೇ ಕೊರತೆ ಟಿ ಕಣಗಳನ್ನು ಸೋಲಿಸಿ, ಗಡ್ಡೆಯ ಪರ ನಿಲ್ಲುವ ಮ್ಯಾಕ್ರೋಫೇಜ್‌ಗಳನ್ನು ಕರೆಯುತ್ತದೆ. ರಕ್ತಹೀನತೆ ಇರುವ ಗರ್ಭಕಂಠ ಕ್ಯಾನ್ಸರಿನ ರೋಗಿಗಳಲ್ಲಿ ಹಿಮೋಗ್ಲೋಬಿನ್ 10ಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳುವುದು ರೂಢಿ. ಬೀಡಿ–ಸಿಗರೇಟು ರಕ್ತದ ಆಮ್ಲಜನಕದ ಜಾಗವನ್ನು ಕಾರ್ಬನ್ ಮಾನಾಕ್ಸೈಡ್‌ಗೆ ಬಿಟ್ಟುಕೊಡುತ್ತದೆ. 1993ರ ಕೆನಡಾದ ಅಧ್ಯಯನದಲ್ಲಿ ರೇಡಿಯೇಷನ್ ನಡೆಯುವಾಗ ಸೇದುತ್ತಲೇ ಇದ್ದ ತಲೆ–ಕತ್ತಿನ ರೋಗಿಗಳಲ್ಲಿ ಗಡ್ಡೆ ಪೂರ್ತಿ ಕರಗಿದ್ದು ಶೇ 45ರಲ್ಲಿ, ಬಿಟ್ಟವರಲ್ಲಿ ಶೇ 74ರಲ್ಲಿ. ಇಷ್ಟು ದೊಡ್ಡ ಅಂತರ ತಂದುಕೊಡುವ ಇಂಜೆಕ್ಷನ್ ಯಾವ ಅಂಗಡಿಯಲ್ಲೂ ಇಲ್ಲ.

ತಪ್ಪಿಸಿದ ದಿನಗಳ ಲೆಕ್ಕ ಇನ್ನೂ ಕಠೋರ. ತಲೆ–ಕತ್ತಿನ ಕ್ಯಾನ್ಸರಿನಲ್ಲಿ ಒಟ್ಟು ಅವಧಿ ಒಂದು ದಿನ ಹೆಚ್ಚಾದರೆ ಗಡ್ಡೆ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇ 1ರಿಂದ 1.4ರಷ್ಟು ಇಳಿಯುತ್ತದೆ. ಗರ್ಭಕಂಠದಲ್ಲಿ ಒಳಗಿನಿಂದ ಕೊಡುವ ಕರೆಂಟೂ ಸೇರಿ 8 ವಾರದೊಳಗೆ ಮುಗಿಯಬೇಕು. ಕಬ್ಬು ಕಟಾವು, ಸಿದ್ಧೇಶ್ವರ ಜಾತ್ರೆ, ಬನಶಂಕರಿ ಜಾತ್ರೆ, ಎಲ್ಲಮ್ಮನ ಹುಣ್ಣಿಮೆ ಬಹುತೇಕ ಒಂದೇ ಸುಗ್ಗಿಯಲ್ಲಿ ಬರುತ್ತವೆ. ಆ ದಿನಗಳಲ್ಲಿ ಚಿಕಿತ್ಸೆ ಬಿದ್ದರೆ ಮೊದಲೇ ಹೇಳಬೇಕು. ಯಂತ್ರ ಕೆಟ್ಟಿತೋ, ಬಸ್ಸು ತಪ್ಪಿತೋ, ಅದೇ ವಾರ ಶನಿವಾರ ಒಂದು ಕಂತು ಸೇರಿಸಿ ಅಥವಾ ಒಂದೇ ದಿನ ಕನಿಷ್ಠ 6 ಗಂಟೆ ಅಂತರದಲ್ಲಿ ಎರಡು ಕಂತು ಕೊಟ್ಟು ಸರಿದೂಗಿಸಬಹುದು. ಕೊನೆಗೆ ಸೇರಿಸಿದರೆ ದಿನ ಉದ್ದವಾಗುತ್ತದೆ, ನಷ್ಟ ಉಳಿಯುತ್ತದೆ.

ಪೆಥಾಲಜಿ ವರದಿಯಲ್ಲಿ ಒಂದು ಸಾಲು ಹೆಚ್ಚು ಬರೆಯಲು ನಿಮಿಷಗಳು ಸಾಕು: ನಾರು ಭಾಗದ ಲಿಂಫೋಸೈಟ್ ಶೇಕಡಾ ಎಷ್ಟು, ಗೂಡಿನೊಳಗೆ ಇವೆಯೋ ಅಂಚಿನಲ್ಲಿವೆಯೋ. ಈ ಸಾಲನ್ನು ಚಿಕಿತ್ಸೆ ಮುಗಿದ ಮೇಲಿನ ಫಲಿತಾಂಶದ ಜೊತೆ ಐದು ವರ್ಷ ದಾಖಲಿಸಿದರೆ, ಗುಟ್ಕಾ–ಮಿಶ್ರಿಯ ಗಡ್ಡೆಗೆ ಎಷ್ಟು ಶೇಕಡಾ ಎಂದರೆ ‘ಹೆಚ್ಚು’ ಎಂದು ಬೆಳಗಾವಿಯ ಸ್ಲೈಡುಗಳಿಂದಲೇ ಹೇಳಬಹುದು, ಸ್ವೀಡನ್ನಿನ ಶೇ 10ನ್ನು ಎರವಲು ತರಬೇಕಿಲ್ಲ. ಮನೆಯವರು ಮಾಡಬೇಕಾದ್ದು ಒಂದಿದೆ. ಬೇರೆ ಊರಿನ ಆಸ್ಪತ್ರೆಗೆ ಹೋಗುವಾಗ ವರದಿಯ ಝೆರಾಕ್ಸ್ ಒಂದನ್ನೇ ಒಯ್ಯದೆ, ಲ್ಯಾಬಿಗೆ ಅರ್ಜಿ ಕೊಟ್ಟು ಮೇಣದ ಬ್ಲಾಕನ್ನೂ ಸ್ಲೈಡುಗಳನ್ನೂ ಪಡೆದು, ಬಿಸಿಲು ತಾಕದ ಡಬ್ಬಿಯಲ್ಲಿಟ್ಟು ಒಯ್ಯಬೇಕು. ಏಪ್ರಿಲ್‌ನಲ್ಲಿ ವಿಜಯಪುರದ ಬಸ್ಸಿನ ಕಿಟಕಿಗೆ ಇಟ್ಟ ಮೇಣ ಮೆತ್ತಗಾಗುತ್ತದೆ.